ಗೇಟಿಗೆ ಎಣ್ಣೆ ಹಾಕಿದ ವರ್ಷ

ಕೂಡಲಹಾಳದ ಜನ ಆಕಾಶ ನೋಡುವುದನ್ನು ಬಿಟ್ಟು ಬಹಳ ವರ್ಷಗಳಾಗಿದ್ದವು. ಮಳೆ ಬರುತ್ತದೋ ಇಲ್ಲವೋ, ಉಳ್ಳಾಗಡ್ಡಿ ದರ ನಿಲ್ಲುತ್ತದೋ ಬೀಳುತ್ತದೋ, ಹೊಳೆ ಓಣಿಯೊಳಗೆ ಬರುತ್ತದೋ ತನ್ನ ಪಾಡಿಗೆ ತಾನು ಹೋಗುತ್ತದೋ, ಎಲ್ಲದಕ್ಕೂ ಅವರು ಊರಬಾಗಿಲಿನ ಅಗಸಿಯ ಮೇಲೆ ತೂಗುಹಾಕಿದ ಬೆಲೆಯ ಹಲಗೆ ನೋಡುತ್ತಿದ್ದರು. ಮುದುಕರು ಮಾತ್ರ ಅಭ್ಯಾಸಬಲದಿಂದ ಒಮ್ಮೆ ಮೋಡದ ಕಡೆ ಕಣ್ಣು ಹಾಯಿಸಿ, ಆಮೇಲೆ ತಪ್ಪು ಮಾಡಿದವರ ಹಾಗೆ ಹಲಗೆಯ ಕಡೆ ತಿರುಗುತ್ತಿದ್ದರು.

ಸರ್ಕಾರ ಹಳೆಯ ನೆರೆ ಮುನ್ಸೂಚನೆ ಇಲಾಖೆಯನ್ನು ಮುಚ್ಚಿ ಅದರ ಜಾಗದಲ್ಲಿ ಮುನ್ನೋಟ ಪೇಟೆಯನ್ನು ತೆರೆದಿತ್ತು. ಅದರ ಹಿಂದಿನ ವಾದ ಸರಳ. ಇಲಾಖೆಯವನು ಹೇಳಿದ್ದು ತಪ್ಪಾದರೆ ಅವನ ಸಂಬಳ ನಿಲ್ಲುವುದಿಲ್ಲ. ಪೇಟೆಯಲ್ಲಿ ತಪ್ಪಿದವನ ಗಂಟೇ ಹೋಗುತ್ತದೆ, ಆದ್ದರಿಂದ ಅವನು ಬಾಯಿಗೆ ಬಂದದ್ದು ಹೇಳುವುದಿಲ್ಲ. ಪೇಟೆ ಒಂದು ಪ್ರಶ್ನೆ ಕೇಳುತ್ತದೆ. ಆಗುತ್ತದೆ ಎನ್ನುವವರು ‘ಹೌದು’ ಚೀಟಿ ಕೊಳ್ಳುತ್ತಾರೆ, ಆಗದು ಎನ್ನುವವರು ‘ಇಲ್ಲ’ ಚೀಟಿ. ಕೊನೆಗೆ ನಿಜವಾದ ಚೀಟಿಗೆ ನೂರು, ಸುಳ್ಳಾದದ್ದಕ್ಕೆ ಸೊನ್ನೆ. ನಡುವಿನ ದಿನಗಳಲ್ಲಿ ‘ಹೌದು’ ಚೀಟಿ ಎಪ್ಪತ್ತಕ್ಕೆ ಬಿಕರಿಯಾಗುತ್ತಿದ್ದರೆ ಆ ಸಂಗತಿ ನಡೆಯುವ ಸಂಭವ ನೂರಕ್ಕೆ ಎಪ್ಪತ್ತು ಎಂದು ತಿಳಿಯಬೇಕು. ಹೊಳೆದಂಡೆಯ ಪ್ರತಿ ಓಣಿಯಲ್ಲೂ ಒಂದು ಕಬ್ಬಿಣದ ಕಂಬ ನೆಟ್ಟು ಅದರ ನೆತ್ತಿಗೆ ತುತ್ತೂರಿ ಕಟ್ಟಿದ್ದರು. ಜನ ಅದನ್ನು ಕೂಗುಗಂಬ ಎಂದು ಕರೆದರು. ಹೊಳೆಯ ಪ್ರಶ್ನೆಯ ಬೆಲೆ ಎಪ್ಪತ್ತು ದಾಟಿದೊಡನೆ ಯಾರ ಅಪ್ಪಣೆಗೂ ಕಾಯದೆ ಅದು ತಾನೇ ಕೂಗಬೇಕು, ಲಾರಿಗಳು ಬರಬೇಕು, ಶಾಲೆಯ ಬೀಗ ತೆಗೆಯಬೇಕು. ಪ್ರಶ್ನೆ ‘ಹೌದು’ ಎಂದು ತೀರ್ಮಾನವಾದರೆ ಪರಿಹಾರವೂ ತಾನಾಗಿ ಮನೆಮನೆಗೆ ಬರಬೇಕು. ಇಷ್ಟು ಚೆಂದದ ಏರ್ಪಾಡಿನಲ್ಲಿ ಮನುಷ್ಯನ ಕೈ ತಾಗುವ ಜಾಗ ಒಂದೇ ಉಳಿದಿತ್ತು. ಪ್ರಶ್ನೆಯನ್ನು ಯಾರಾದರೂ ಬರೆಯಬೇಕಲ್ಲ.

ಕೂಡಲಹಾಳದ ಪ್ರಶ್ನೆಗಳನ್ನು ಬರೆಯುತ್ತಿದ್ದವಳು ದಾಕ್ಷಾಯಣಿ. ಮೊದಲು ಅವಳು ನೋಂದಣಿ ಕಚೇರಿಯ ಎದುರಿನ ಬೇವಿನ ಮರದ ಕೆಳಗೆ ಕೂತು ಆಸ್ತಿಪತ್ರ ಬರೆಯುತ್ತಿದ್ದಳು. ಪೂರ್ವಕ್ಕೆ ಯಾರ ಗೋಡೆ, ಪಶ್ಚಿಮಕ್ಕೆ ಯಾರ ಹಿತ್ತಿಲು ಎಂದು ಅವಳು ಚೆಕ್ಕುಬಂದಿ ಬರೆದರೆ ಅಣ್ಣತಮ್ಮಂದಿರು ಮೂರು ತಲೆಮಾರು ಜಗಳಾಡದೆ ಬೇಸರಪಡಬೇಕು, ಅಂಥ ಕೈ. ಆದರೂ ಪೇಟೆಗೆ ಬಂದ ಹೊಸತರಲ್ಲಿ ಅವಳೂ ಎಡವಿದ್ದಳು. ‘ಬಸವ ಜಯಂತಿಯ ದಿನ ಕೂಡಲಹಾಳದಲ್ಲಿ ಮಳೆಯಾಗುತ್ತದೆಯೇ?’ ಎಂದು ಬರೆದಿದ್ದಳು. ಆ ದಿನ ಮಳೆಯೇನೋ ಬಂತು, ರೈಲು ಹಳಿಯ ಆಚೆ ಮಾತ್ರ. ಆಚೆಯವರು ಹಸಿ ಧೋತರ ಹಿಡಿದು ಕಚೇರಿಗೆ ಬಂದರು. ಈಚೆಯವರು ಒಣ ಧೋತರ ಉಟ್ಟು ಬಂದರು. ಅಂದಿನಿಂದ ಪ್ರತಿ ಪ್ರಶ್ನೆಯ ಕೆಳಗೂ ‘ಆಧಾರ’ ಎಂಬ ಒಂದು ಸಾಲು ಬಂತು: ನಡೆಯಿತೋ ಇಲ್ಲವೋ ಎಂಬುದನ್ನು ಯಾರ ಮಾತಿನ ಮೇಲೆ ನಂಬುವುದು, ಆ ಸಾಲು.

ಹೊಳೆಯ ಪ್ರಶ್ನೆಗೆ ಮೊದಲು ಸೇತುವೆಯ ಕಂಬದ ಮೇಲಿನ ಗೆರೆಗಳೇ ಆಧಾರವಾಗಿದ್ದವು. ಒಮ್ಮೆ ಚುನಾವಣೆಗೆಂದು ಸೇತುವೆಗೆ ಸುಣ್ಣ ಬಳಿದವರು ಗೆರೆಗಳನ್ನೂ ಬಳಿದು, ಆಮೇಲೆ ನೆನಪಿನಿಂದ ಬರೆದರು. ಇಬ್ಬರ ನೆನಪು ಹೊಂದಲಿಲ್ಲ. ಆ ವರ್ಷದ ಪಂಚಮಿಗೆ ತವರಿಗೆ ಹೋದಾಗ ದಾಕ್ಷಾಯಣಿ ಅಣ್ಣನ ಮುಂದೆ ತನ್ನ ಕಷ್ಟ ತೋಡಿಕೊಂಡಿದ್ದಳು. ಅಣ್ಣ ಗದಿಗೆಪ್ಪ ಹೊಳೆಯ ಮೇಲ್ಗಡೆ ಮಾದನಗುಡ್ಡ ಆಣೆಕಟ್ಟಿನಲ್ಲಿ ಗೇಟುಗಳ ಉಸ್ತುವಾರಿ ಎಂಜಿನಿಯರು. ಎಳ್ಳುಂಡಿ ಮುರಿಯುತ್ತ ಅಂದಿದ್ದ: “ಗೆರಿ, ಕಲ್ಲು ಯಾಕ ಬೇಕವ್ವಾ ತಂಗಿ? ಹೊಳಿ ಏರೂದು ಗೇಟ್ ತೆಗದ್ರ. ಗೇಟ್ ತೆಗಿಯೂದು ನಮ್ಮ ಕೈಯಾಗ. ಗೇಟ್ ತೆಗೀತಾರೇನು ಅಂತ ಕೇಳು, ಆಧಾರಕ್ಕ ನಮ್ಮ ಕಚೇರಿ ಪ್ರಕಟಣೆ ಹಾಕು. ಅದರ ಮ್ಯಾಲೆ ತಕರಾರು ಮಾಡೂ ಮಗ ಇನ್ನೂ ಹುಟ್ಟಿಲ್ಲ.”

ಅಣ್ಣನ ಮಾತು ಅವಳಿಗೆ ಹಿಡಿಸಿತು. ಹೀಗೆ ಈ ವರ್ಷದ ಪ್ರಶ್ನೆ ತಯಾರಾಯಿತು: ‘ನಾಗರ ಪಂಚಮಿಯೊಳಗೆ ಮಾದನಗುಡ್ಡ ಆಣೆಕಟ್ಟಿನ ಗೇಟುಗಳನ್ನು ತೆಗೆಯುತ್ತಾರೆಯೇ? ಆಧಾರ: ಆಣೆಕಟ್ಟು ಕಚೇರಿಯ ಪ್ರಕಟಣೆ.’ ಅಂಥ ಸ್ವಚ್ಛವಾದ ಪ್ರಶ್ನೆಯನ್ನು ತಾನು ಹಿಂದೆಂದೂ ಬರೆದಿರಲಿಲ್ಲ ಎಂದು ಅವಳಿಗೆ ಹೆಮ್ಮೆಯಾಯಿತು.

*

ಪಂಚಮಿಗೆ ಅಣ್ಣ ಬಂದು ತಂಗಿಯನ್ನು ತವರಿಗೆ ಕರೆದೊಯ್ಯುವುದು ಆ ಸೀಮೆಯಲ್ಲಿ ಹಬ್ಬಕ್ಕಿಂತ ದೊಡ್ಡ ಹಬ್ಬ. ಕರೆಯಲು ಬಾರದ ಅಣ್ಣನನ್ನು ಬೀಸುವ ಕಲ್ಲಿನ ಹಾಡುಗಳೂ ಬೈಯದೆ ಬಿಟ್ಟಿಲ್ಲ. ಗದಿಗೆಪ್ಪ ಪ್ರತಿವರ್ಷ ಹಬ್ಬದ ಹಿಂದಿನ ದಿನ ಹಾರ್ನು ಬಾರಿಸುತ್ತ ಓಣಿಗೆ ಬರುವವನು. ಈ ಸಲ ಒಂದು ವಾರ ಮೊದಲೇ ಉಂಡಿಯ ಡಬ್ಬಿ ಹಿಡಿದು ಬಂದ. ಹಾರ್ನೂ ಬಾರಿಸಲಿಲ್ಲ.

“ಏನಣ್ಣಾ, ಹಬ್ಬ ಹಿಂದಕ್ಕ ಬಂತೋ, ನೀನ ಮುಂದಕ್ಕ ಬಂದೆಯೋ?” ಎಂದಳು ದಾಕ್ಷಾಯಣಿ.

“ನಡೀರಿ, ಇವತ್ತ ಹೋಗಿಬಿಡೂಣು. ಹುಚ್ಚೇಶಾ, ನೀನೂ ನಡಿ.”

ಅವಳ ಗಂಡ ಹುಚ್ಚೇಶ ಸೊಂಟದ ತನಕ ನೆಲದೊಳಗಿದ್ದ. ಕುಣಿಮಗ್ಗ ಎಂದರೆ ಹಾಗೆಯೇ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು, ಕೆಳಗೆ ಹಲಗೆ ತುಳಿಯುತ್ತ, ಮೇಲೆ ಲಾಳಿ ಆಡಿಸುತ್ತ ನೇಯುವುದು. ನೇಕಾರರೇ ತುಂಬಿದ್ದ ಅವರ ಹಟಗಾರ ಓಣಿಯಲ್ಲಿ ಇನ್ನೂ ಮನೆಗೊಂದು ಅಂಥ ಕುಣಿ ಇತ್ತು. ಹುಚ್ಚೇಶ ಲಾಳಿ ನಿಲ್ಲಿಸದೆಯೇ ಅಂದ: “ರೇಷ್ಮಿ ಹಾಸು ನಿನ್ನೆ ಕೂಡಿಸೀನಿ ಎಂಜಿನಿಯರ ಸಾಹೇಬರ. ಇದನ್ನ ಬಿಟ್ಟು ಎದ್ದರ ಊಟದಾಗ ಎಲಿ ಬಿಟ್ಟು ಎದ್ದಂಗ. ಹಬ್ಬದ ಹಿಂದಿನ ದಿನ ಬರ್ರಿ.”

ಗದಿಗೆಪ್ಪ ಕುಣಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತ. ಹಾಸಿನ ಉದ್ದ ಎಳೆಗಳನ್ನು ಒಮ್ಮೆ ಬೆರಳಿನಿಂದ ಮುಟ್ಟಿದ. “ಈ ಮಗ್ಗ ಒಂದೀಟ ಎತ್ತರಕ್ಕ ಇಡಾಕ ಬರೂದಿಲ್ಲೇನು?”

ಬಾಗಿಲಲ್ಲಿ ಕೂತು ಕಂಡಿಕೆಗೆ ನೂಲು ಸುತ್ತುತ್ತಿದ್ದ ಪಕ್ಕದ ಮನೆಯ ಸಾಂವಕ್ಕ ಹೊಟ್ಟೆ ಹಿಡಿದು ನಕ್ಕಳು. “ಕುಣಿಮಗ್ಗ ಎತ್ತರಕ್ಕ ಇಡ್ತಾನಂತ! ಹಂಗಾರ ನಮ್ಮ ಹಿತ್ತಲ ಬಾವಿನೂ ಎತ್ತಿ ಅಟ್ಟದ ಮ್ಯಾಲೆ ಇಟ್ಟು ಹೋಗೋ ಗದಿಗೆಪ್ಪಾ. ಕಟ್ಟೂದು ಕಲತಿ, ತೋಡೂದು ಕಲೀಲಿಲ್ಲ ನೀ.”

ಎಲ್ಲರೂ ನಕ್ಕರು. ಗದಿಗೆಪ್ಪನೂ ನಕ್ಕ, ಸ್ವಲ್ಪ ತಡವಾಗಿ. ಆ ತಡ ದಾಕ್ಷಾಯಣಿಯ ಕಿವಿಗೆ ಬಿತ್ತು. “ಅಣ್ಣಾ, ಆಣೆಕಟ್ಟು ತುಂಬೇತೇನು?” ಎಂದು ನೇರವಾಗಿ ಕೇಳಿದಳು.

“ನಿಮ್ಮ ಹಲಗಿ ಏನ್ ಹೇಳತೈತಿ?”

ಅವಳು ಫೋನು ನೋಡಿದಳು. “ಹೌದು ಚೀಟಿ ಹನ್ನೊಂದಕ್ಕ ಐತಿ.”

“ಹಂಗಾರ ಹನ್ನೊಂದ,” ಎಂದ ಗದಿಗೆಪ್ಪ.

ಡಬ್ಬಿ ಇಟ್ಟು, ಚಹಾ ಅರ್ಧ ಕುಡಿದು ಎದ್ದ. ಬಾಗಿಲಲ್ಲಿ ಇನ್ನೊಮ್ಮೆ “ಬರೂದಿಲ್ಲಲಾ?” ಎಂದು ಕೇಳಿದ. ಅವನ ಗಾಡಿ ಓಣಿಯ ತಿರುವಿನಲ್ಲಿ ಒಂದು ಗಳಿಗೆ ನಿಂತಿತು. ಏನೋ ಮರೆತು ತಿರುಗಿ ಬರುತ್ತಾನೆ ಎಂದು ದಾಕ್ಷಾಯಣಿ ಹೊಸ್ತಿಲಲ್ಲೇ ಕಾದಳು. ಗಾಡಿ ಹೋಯಿತು.

*

ಪೇಟೆಯ ಹಲಗೆ ಕೋಣೆಯಲ್ಲಿ ಮಳೆಯ ಸದ್ದು ಕೇಳುತ್ತಿರಲಿಲ್ಲ. ಗಾಜು ದಪ್ಪ, ಒಳಗೆ ಯಂತ್ರಗಳ ಗುಂಯ್‌ಗುಡುವಿಕೆ. ಗೋಡೆಯ ತುಂಬ ಬೆಲೆಗಳು ಹಸಿರು ಕೆಂಪಾಗಿ ಏರಿಳಿಯುತ್ತಿದ್ದವು. ಪಂಚಮಿಗೆ ಎರಡು ದಿನ ಮೊದಲು ಘಟ್ಟದ ಕಡೆ ಭಾರಿ ಮಳೆಯಾದ ಸುದ್ದಿ ಬಂದು, ಊರಿನ ಅಂಗಡಿಕಾರರು ‘ಹೌದು’ ಕೊಂಡು ಬೆಲೆಯನ್ನು ಮೂವತ್ತರ ಮೇಲಕ್ಕೆ ಒಯ್ದಿದ್ದರು. ಹಬ್ಬದ ಹಿಂದಿನ ದಿನ ಬೆಳಗ್ಗೆ ಅದು ತಿರುಗಿತು. ದೊಡ್ಡ ದೊಡ್ಡ ಗಂಟುಗಳಲ್ಲಿ ‘ಇಲ್ಲ’ ಚೀಟಿಗಳು ಹೋಗತೊಡಗಿದವು. ಇಪ್ಪತ್ತು, ಹದಿನೈದು, ಒಂಬತ್ತು.

ಪೇಟೆಯ ವ್ಯವಸ್ಥಾಪಕ ಬೆನ್ನೂರ ಸರ್ ಕೈ ಹೊಸೆದುಕೊಂಡು ಹಲಗೆಯ ಮುಂದೆ ನಿಂತರು. ಚೀಟಿ ಕೊಂಡವರ ಹೆಸರು ಅವರಿಗೂ ಕಾಣುವುದಿಲ್ಲ, ಯಾವ ಕಡೆಯಿಂದ ಬಂತು ಎಂಬುದಷ್ಟೇ ಕಾಣುತ್ತದೆ. “ನೋಡ್ರಿ ದಾಕ್ಷಾಯಣಿಯವರ, ಎಲ್ಲಾ ಆಣೆಕಟ್ಟಿನ ನೌಕರರ ನೀರಾವರಿ ಕಾಲನಿ ಕಡೆಯಿಂದ. ತಿಳದವರು ಮಾತಾಡಾಕತ್ತಾರ!”

ಒಳಗಿನವರು ಚೀಟಿ ಕೊಳ್ಳಬಾರದು ಎಂಬ ನಿಯಮ ಪೇಟೆಯಲ್ಲಿ ಇರಲಿಲ್ಲ. ಬೇಕೆಂದೇ ಇಟ್ಟಿರಲಿಲ್ಲ. ಗೊತ್ತಿದ್ದವರು ಕೊಂಡರೆ ತಾನೆ ಬೆಲೆಗೆ ಬುದ್ಧಿ ಬರುವುದು? ಆಣೆಕಟ್ಟಿನ ಕೆಳಗೆ ಕೂತವನ ಊಹೆಗಿಂತ ಮೇಲೆ ಕೂತವನ ಅರಿವು ದೊಡ್ಡದು. ದಾಕ್ಷಾಯಣಿಗೆ ನಿರಾಳವೆನಿಸಿತು. ಬೆಳಗಿನಿಂದ ಇದ್ದ ಕಳವಳ ಬೆಲೆಯ ಜೊತೆಯಲ್ಲೇ ಇಳಿಯುತ್ತ ಬಂತು. ಬೆಲೆ ನಾಲ್ಕಕ್ಕೆ ಬಂದು ನಿಂತಾಗ ಅವಳು ಗಂಡನಿಗೆ ಫೋನು ಮಾಡಿದಳು.

“ರೀ, ಬೆಲಿ ನಾಕಕ್ಕ ಇಳದೈತಿ. ಆರಾಮ ನೇಯ್ರಿ.”

ಆ ಕಡೆ ಲಾಳಿಯ ಸದ್ದಿರಲಿಲ್ಲ. ಹುಚ್ಚೇಶ ಎಂದಿನ ಸಮಾಧಾನದಲ್ಲೇ ಹೇಳಿದ: “ಬೆಲಿ ಇಳದಿದ್ದು ಖರೆ ಇರಬೇಕು. ಕುಣ್ಯಾಗ ನೀರ ಬಂದೈತಿ ನೋಡು.”

“ಎಲ್ಲಿ ನೀರು? ಮಾಳಿಗಿ ಸೋರಿರಬೇಕು.”

“ಮ್ಯಾಲಿಂದಲ್ಲ. ತಳದಿಂದ ಬರಾಕತ್ತೈತಿ. ಮಣಕಾಲಿಗೆ ಬಂತು. ಸಾಂವಕ್ಕನ ಕುಣ್ಯಾಗೂ ಬಂತಂತ, ಚೀರಾಕತ್ತಾಳ.”

ದಾಕ್ಷಾಯಣಿ ಹಲಗೆ ನೋಡಿದಳು. ಮೂರು.

“ಕೂಗುಗಂಬ ಕೂಗೇತೇನು?” ಎಂದು ಕೇಳಿದಳು. ಕೇಳಿದ ಕೂಡಲೇ ಅದೆಂಥ ದಡ್ಡ ಪ್ರಶ್ನೆ ಎಂದು ಅವಳಿಗೇ ಗೊತ್ತಾಯಿತು. ಅದು ಕೂಗುವುದು ನೀರು ಕಂಡಲ್ಲ, ಅವಳ ಎದುರಿನ ಗೋಡೆ ಕಂಡು.

ಅವಳು ಓಡಿ ಬರುವಷ್ಟರಲ್ಲಿ ಓಣಿ ಹೊಳೆಯಾಗಿತ್ತು. ಪುಣ್ಯಕ್ಕೆ ನಡುಹಗಲು. ಕೂಸುಗಳನ್ನೂ ಮುದುಕರನ್ನೂ ಹೆಗಲ ಮೇಲೆ ಹೊತ್ತು ಎಲ್ಲರೂ ಅಗಸಿಯ ದಿಬ್ಬ ಸೇರಿದರು. ಜೀವ ಯಾವುದೂ ಹೋಗಲಿಲ್ಲ. ಹೋದದ್ದು ಮಗ್ಗಗಳು. ಕುಣಿಮಗ್ಗವನ್ನು ಹೊತ್ತು ಓಡಲಾಗುವುದಿಲ್ಲ. ಹುಚ್ಚೇಶ ಹಾಸನ್ನು ಕತ್ತರಿಸಿಯಾದರೂ ತರುತ್ತೇನೆಂದು ಎದೆಮಟ್ಟ ನೀರಲ್ಲಿ ನಿಂತು, ಕೊನೆಗೆ ಕತ್ತರಿಸಲು ಕೈ ಬಾರದೆ ಬರಿಗೈಲಿ ಬಂದ. ದಿಬ್ಬದ ಮೇಲೆ ನಿಂತು ಎಲ್ಲರೂ ಕೂಗುಗಂಬ ನೋಡಿದರು. ಅರ್ಧ ಮುಳುಗಿದ ಕಂಬದ ನೆತ್ತಿಯ ಮೇಲೆ ತುತ್ತೂರಿ ಬಾಯಿ ತೆರೆದುಕೊಂಡಿತ್ತು. ಅದರೊಳಗಿನಿಂದ ಒಂದು ಗುಬ್ಬಿ ಹೊರಗೆ ಹಾರಿತು.

*

ನೀರಿಳಿದ ಮೇಲೆ ದುರಸ್ತಿಯವರು ಬಂದು ಕಂಬ ಹತ್ತಿದರು, ತಂತಿ ನೋಡಿದರು, ತುತ್ತೂರಿ ಒರೆಸಿದರು. ದೋಷವೇನೂ ಇಲ್ಲ, ಒಳ್ಳೆಯ ಮಾಲು ಎಂದರು.

ಅದು ಒಳ್ಳೆಯ ಮಾಲು ಎಂಬುದಕ್ಕೆ ಹುಣ್ಣಿಮೆಗೆ ಮುಂಚೆಯೇ ಸಾಕ್ಷಿ ಸಿಕ್ಕಿತು. ಪಂಚಮಿಯ ಪ್ರಶ್ನೆ ‘ಇಲ್ಲ’ ಎಂದು ಮುಗಿದ ಮೇಲೆ ಪೇಟೆಯ ಪದ್ಧತಿಯಂತೆ ಅದೇ ಮಾತಿನಲ್ಲಿ ಹುಣ್ಣಿಮೆಯ ಪ್ರಶ್ನೆ ತಾನಾಗಿ ಶುರುವಾಗಿತ್ತು. ಓಣಿಯವರು ಕುಣಿಗಳಿಂದ ರಾಡಿ ಎತ್ತಿ ಹಾಕುತ್ತಿದ್ದ ಒಂದು ಬಿಸಿಲು ಮಧ್ಯಾಹ್ನ ಕೂಗುಗಂಬ ಎದೆ ಬಿರಿಯುವಂತೆ ಕೂಗಿತು. ಬುಟ್ಟಿಗಳನ್ನು ಎಸೆದು ಎಲ್ಲರೂ ದಿಬ್ಬಕ್ಕೆ ಓಡಿದರು. ಲಾರಿಗಳು ಬಂದವು. ಅಕ್ಕಿ ಬಂತು. ಶಾಲೆಯ ಬೀಗ ತೆರೆಯಿತು. ಹೊಳೆ ಮಾತ್ರ ಬರಲಿಲ್ಲ. ದಿಬ್ಬದ ಮೇಲಿನಿಂದ ನೋಡಿದರೆ ಅದು ಕಲ್ಲುಗಳ ನಡುವೆ ತನ್ನಷ್ಟಕ್ಕೆ ಹರಿಯುತ್ತಿತ್ತು, ಎಮ್ಮೆಗಳು ಕಾಲು ತೊಯಿಸಿಕೊಂಡು ನಿಂತಿದ್ದವು.

ಆಮೇಲೆ ತಿಳಿಯಿತು: ಅಂದು ಮಂತ್ರಿಗಳು ಮಾದನಗುಡ್ಡಕ್ಕೆ ಬಂದು, ಹೊಳೆಗೆ ಬಾಗಿನ ಕೊಟ್ಟು, ಗುಂಡಿ ಒತ್ತಿ ಶಾಸ್ತ್ರಕ್ಕೆ ಗೇಟುಗಳನ್ನು ಗೇಣಷ್ಟು ತೆಗೆದಿದ್ದರು. ಕಚೇರಿ ಪ್ರಕಟಣೆ ಹೊರಡಿಸಿತ್ತು. ಹೌದು ಚೀಟಿ ನೂರಕ್ಕೆ ಹೋಗಿತ್ತು.

“ಹೊಳಿ ಬಂದಾಗ ಬಾಯಿಗೆ ಬೀಗ, ಮಂತ್ರಿ ಬಂದಾಗ ಬೊಬ್ಬಿ,” ಎಂದಳು ಸಾಂವಕ್ಕ, ಕಂಬದ ಕಡೆ ರಾಡಿ ಎಸೆದು. “ಇದು ಕೂಗುಗಂಬ ಅಲ್ಲವ್ವಾ, ದೊಡ್ಡವರ ಮುಂದ ಬಹುಪರಾಕ್ ಹೇಳೂ ಬಾಲ್ದಾರ.”

ದಾಕ್ಷಾಯಣಿ ತಕರಾರು ಹಾಕಿದಳು. ಪ್ರಶ್ನೆ ಬರೆದವಳೇ ತನ್ನ ಪ್ರಶ್ನೆಯ ಮೇಲೆ ತಕರಾರು ಹಾಕಿದ್ದು ಪೇಟೆಯ ಇತಿಹಾಸದಲ್ಲಿ ಮೊದಲು. ಬೆನ್ನೂರ ಸರ್ “ಅಡಿಗಿ ಮಾಡಿದವರ ಊಟಕ್ಕ ಹೆಸರ ಇಟ್ರ ಹೆಂಗ್ರೀ?” ಎಂದರು. ಅವಳು ಕೇಳಲಿಲ್ಲ. ಪಂಚಮಿಯೊಳಗೆ ಗೇಟು ತೆಗೆದಿದ್ದರು ಎಂದು ತೀರ್ಮಾನವಾದರೆ ಓಣಿಯ ಪ್ರತಿ ಮಗ್ಗಕ್ಕೂ ಪರಿಹಾರ ಬರುತ್ತದೆ. ಇಲ್ಲವೆಂದರೆ ಕುಣಿಗಳನ್ನು ಮಣ್ಣಿನಿಂದ ಮುಚ್ಚುವುದೇ ಸರಿ. ಅಷ್ಟೂ ಮನೆಗಳು ಅವಳು ಬರೆದ ಆ ಎರಡು ಸಾಲಿನ ಮೇಲೆ ನಿಂತಿದ್ದವು.

*

ತಕರಾರು ಪೀಠದ ಅಧ್ಯಕ್ಷರು ನಿವೃತ್ತ ನ್ಯಾಯಾಧೀಶ ನಾಡಗೌಡರು. ಸಭಾಂಗಣದ ಒಂದು ಕಡೆ ಹಟಗಾರ ಓಣಿಯವರು, ಇನ್ನೊಂದು ಕಡೆ ನೀರಾವರಿ ಕಾಲನಿಯವರು. ಒಂದು ಬೀಗರ ಪಂಕ್ತಿಯ ಹಾಗೆ ಎದುರೆದುರು ಕೂತಿದ್ದರು. ಸಾಕ್ಷಿಗೆ ಕರೆದದ್ದು ಗೇಟುಗಳ ಉಸ್ತುವಾರಿ ಎಂಜಿನಿಯರನ್ನು. ಗದಿಗೆಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದ. ತಂಗಿಯ ಕಡೆ ನೋಡಲಿಲ್ಲ.

“ಪಂಚಮಿಯ ಹಿಂದಿನ ದಿನ ನೀವು ಗೇಟುಗಳನ್ನು ಎತ್ತಿದ್ದು ನಿಜವೇ?” ಎಂದರು ನಾಡಗೌಡರು.

“ಎತ್ತಿದ್ದು ಖರೆ ರೀ.”

“ನೀರು ಹೋಯಿತೇ?”

“ಎತ್ತಿದ ಮ್ಯಾಲೆ ನೀರು ನಿಂತು ನೋಡೂದಿಲ್ಲ ರೀ. ಹೋತು.”

“ಹಾಗಾದರೆ ಗೇಟು ತೆಗೆದಂತಾಯಿತಲ್ಲ?”

“ಇಲ್ಲ ರೀ. ಗೇಟಿಗೆ ಎಣ್ಣಿ ಹಾಕಿದಂಗಾತು.”

ಓಣಿಯ ಕಡೆ ಗದ್ದಲವೆದ್ದಿತು. ಗದಿಗೆಪ್ಪ ಶಾಂತವಾಗಿ ವಿವರಿಸಿದ. ಮಾದನಗುಡ್ಡದಲ್ಲಿ ಹಿರಿಯರ ಕಾಲದಿಂದ ಒಂದು ಪದ್ಧತಿ ಇತ್ತು. ತುಂಬಿದ ಹೊಳೆ ತುಂಬಿದ ಬಸುರಿ ಇದ್ದ ಹಾಗೆ. ಮಡಿಲು ತುಂಬದೆ, ಬಾಗಿನ ಕೊಡದೆ ಗೇಟು ತೆಗೆಯಬಾರದು. ಬಾಗಿನ ಕೊಡಬೇಕಾದವರು ಮಂತ್ರಿಗಳು. ಮಂತ್ರಿಗಳು ಬರುವುದು ಅವರಿಗೆ ಬಿಡುವಾದಾಗ. ನೀರು ಬರುವುದು ನೀರಿಗೆ ಬಿಡುವಾದಾಗ. ಇವೆರಡರ ನಡುವೆ ಆಣೆಕಟ್ಟು ಒಡೆಯದಂತೆ ನೋಡಿಕೊಳ್ಳುವುದು ನೌಕರರ ಕೆಲಸ. ಆದ್ದರಿಂದ ಬಾಗಿನಕ್ಕೂ ಮೊದಲು ನೀರು ಹೆಚ್ಚಾದರೆ ಗೇಟುಗಳಿಗೆ ಎಣ್ಣೆ ಹಾಕುವ ನೆಪದಲ್ಲಿ ಒಂದಿಷ್ಟು ಎತ್ತಿ ಇಳಿಸುತ್ತಾರೆ. ಅದಕ್ಕೆ ತೆಗೆಯುವುದು ಎಂದು ಯಾರೂ ಅನ್ನುವುದಿಲ್ಲ, ಪ್ರಕಟಣೆಯೂ ಕೊಡುವುದಿಲ್ಲ. ಕೊಟ್ಟರೆ ಮಂತ್ರಿಗಳು ಬಂದು ತೆಗೆಯುವುದೇನನ್ನು? ಬೇರೆ ವರ್ಷ ಎಣ್ಣೆಯ ನೀರು ಹೊಳೆಯ ದಂಡೆ ದಾಟುತ್ತಿರಲಿಲ್ಲ. ಈ ಸಲ ಮಂತ್ರಿಗಳಿಗೆ ಮಂಡಿನೋವು, ಭೇಟಿ ಮುಂದಕ್ಕೆ ಹೋಯಿತು. ಎಣ್ಣೆ ಸ್ವಲ್ಪ ಹೆಚ್ಚು ಹಾಕಬೇಕಾಯಿತು.

“ಅಂದರೆ ಕಾಲನಿಯವರು ಇಲ್ಲ ಚೀಟಿ ಕೊಂಡದ್ದು ನೀರಿನ ಲೆಕ್ಕದ ಮೇಲಲ್ಲ?”

“ನೀರಿನ ಬಗ್ಗೆ ಯಾರೂ ಕೇಳಿರಲಿಲ್ಲ ರೀ. ಗೇಟ್ ತೆಗೀತಾರೇನು ಅಂತ ಕೇಳಿದ್ದರು. ಮಂತ್ರಿಗಳು ಬರೂದಿಲ್ಲ ಅಂತ ನಮಗ ಗೊತ್ತಿತ್ತು.”

ನಾಡಗೌಡರು ಕನ್ನಡಕ ತೆಗೆದು ಒರೆಸಿದರು. ಪೇಟೆ ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಅದು ಮಂತ್ರಿಯ ಮೊಣಕಾಲಿನ ಬಗ್ಗೆ ಅತ್ಯಂತ ಖಚಿತವಾದ ಮುನ್ಸೂಚನೆ ನೀಡಿತ್ತು.

ದಾಕ್ಷಾಯಣಿಯ ಸರದಿ ಬಂದಾಗ ಅವಳು ಎದ್ದು ನಿಂತು ಒಂದೇ ಮಾತು ಹೇಳಿದಳು. “ನಾನು ಆ ಪ್ರಶ್ನೆ ಬರೆದದ್ದು ಓಣಿಗೆ ನೀರು ಬರುತ್ತದೋ ಎಂದು ತಿಳಿಯುವುದಕ್ಕೆ. ಮಂತ್ರಿ ಬರುತ್ತಾರೋ ಎಂದು ತಿಳಿಯುವುದಕ್ಕಲ್ಲ. ಇದು ಈ ಸಭೆಯಲ್ಲಿ ಇರುವ ಎಲ್ಲರಿಗೂ ಗೊತ್ತಿದೆ. ಆಗಲೂ ಗೊತ್ತಿತ್ತು.”

ತಕರಾರಿಗೆ ಬಿದ್ದ ಪ್ರಶ್ನೆಯ ಚೀಟಿಗಳು ಯಾರ ಯಾರ ಹತ್ತಿರ ಇದ್ದವು ಎಂಬುದನ್ನು ಸಭೆಯಲ್ಲಿ ಬಹಿರಂಗ ಮಾಡಬೇಕೆಂಬುದು ನಿಯಮ. ಪರದೆಯ ಮೇಲೆ ಹೆಸರುಗಳು ಏರುತ್ತ ಹೋದವು. ಕಾಲನಿಯ ಗುಮಾಸ್ತರು, ಕಾವಲುಗಾರರು, ಎಂಜಿನಿಯರರ ಹೆಂಡಂದಿರು. ದಾಕ್ಷಾಯಣಿ ಓದುತ್ತ ಹೋದಳು. ಆಸ್ತಿಪತ್ರ ಓದಿದ ಕಣ್ಣು, ಸಾಲು ಬಿಡುವುದಿಲ್ಲ. ನಡುವೆ ಅಣ್ಣನ ಹೆಸರು ಬಂತು. ಮಗ್ಗುಲಲ್ಲಿ ತಾರೀಖು. ಅವನು ಉಂಡಿ ಡಬ್ಬಿ ತಂದಿಟ್ಟು, ಅರ್ಧ ಚಹಾ ಕುಡಿದು ಹೋದ ದಿನದ ಸಂಜೆ.

ಸಾಂವಕ್ಕನೂ ಓದಿದಳು. ಎದ್ದು ಬಂದು ದಾಕ್ಷಾಯಣಿಯ ಮಗ್ಗುಲಲ್ಲಿ ಕೂತಳು.

ಪೀಠದ ತೀರ್ಪು ಚಿಕ್ಕದಾಗಿತ್ತು. ಪ್ರಶ್ನೆ ಬರೆದವರ ಮನಸ್ಸಿನಲ್ಲಿ ಏನಿತ್ತು ಎಂಬುದು ಪ್ರಶ್ನೆಯ ಭಾಗವಲ್ಲ. ಆಧಾರವೆಂದು ಹೇಳಿದ್ದು ಆಣೆಕಟ್ಟು ಕಚೇರಿಯ ಪ್ರಕಟಣೆ, ಪಂಚಮಿಯೊಳಗೆ ಅಂಥ ಪ್ರಕಟಣೆ ಇಲ್ಲ. ಆದ್ದರಿಂದ ಗೇಟುಗಳನ್ನು ತೆಗೆದಿರಲಿಲ್ಲ. ಆದ್ದರಿಂದ ನೆರೆ ಪರಿಹಾರದ ಪ್ರಶ್ನೆಯೇ ಏಳುವುದಿಲ್ಲ. ಓಣಿಗೆ ಬಂದ ನೀರಿನ ಬಗ್ಗೆ ಪೀಠಕ್ಕೆ ಸಹಾನುಭೂತಿ ಇದೆ.

*

ಸಭಾಂಗಣದ ಮೆಟ್ಟಿಲ ಮೇಲೆ ಗದಿಗೆಪ್ಪ ಕಾದು ನಿಂತಿದ್ದ.

“ತಂಗೆವ್ವಾ, ನಾ ಸುಳ್ಳು ಹೇಳಿಲ್ಲ.”

“ಇಲ್ಲ ಬಿಡು. ಹನ್ನೊಂದ ಅಂದಿ. ಹನ್ನೊಂದ ಇತ್ತು.”

“ಕರಿಯಾಕ ಬಂದಿದ್ದೆ. ಕೈ ಹಿಡದು ಕರದೆ. ನೀವ ಬರಲಿಲ್ಲ.”

“ಯಾಕ ಕರಿತೀಯಂತ ಹೇಳಲಿಲ್ಲಲಾ ಅಣ್ಣಾ.”

“ಹೆಂಗ ಹೇಳ್ಲಿ? ನೀ ಪೇಟ್ಯಾಗ ಇರಾಕಿ. ನಿನ್ನ ಕಿವಿಗೆ ಬಿದ್ದರ ಓಣಿಗೆಲ್ಲ ಗೊತ್ತಾಗತಿತ್ತು. ಓಣಿ ಮಂದಿ ಹೋಗಿ ಹೌದು ಕೊಳತಿದ್ದರು. ಗದ್ದಲಾಗಿ ಕಚೇರಿ ಪ್ರಕಟಣೆ ಕೊಡಬೇಕಾಗತಿತ್ತು, ನಮ್ಮ ಇಲ್ಲ ಚೀಟಿ ಸೊನ್ನಿಗೆ ಬರತಿದ್ದವು. ಬೆಲಿ ಏರತಿತ್ತು.”

“ಏರತಿತ್ತು,” ಎಂದಳು ದಾಕ್ಷಾಯಣಿ. “ಎಪ್ಪತ್ತು ದಾಟತಿತ್ತು. ಕಂಬ ಕೂಗತಿತ್ತು. ನನ್ನ ಗಂಡ ಹಾಸು ಬಿಚ್ಚಿಕೊಂಡು ದಿಬ್ಬ ಹತ್ತತಿದ್ದ.”

ಗದಿಗೆಪ್ಪ ತನ್ನ ಇಸ್ತ್ರಿ ಅಂಗಿಯ ತೋಳು ನೋಡಿಕೊಂಡ. “ಕಾಲನಿ ಮಂದಿ ಎಲ್ಲಾ ತಗೊಂಡಿದ್ದರವ್ವಾ. ನಾ ಒಬ್ಬ ಬಿಟ್ಟರ ನೀರು ನಿಲ್ಲತಿತ್ತೇನು?”

ಅವನು ತಂಗಿಯನ್ನು ಉಳಿಸಲು ಬಂದಿದ್ದು ನಿಜ. ಆದರೆ ಅವನು ಉಳಿಸಬೇಕೆಂದಿದ್ದ ತಂಗಿ ಮಗ್ಗವಿಲ್ಲದ, ನೆರೆಮನೆಯಿಲ್ಲದ, ಸಾಂವಕ್ಕನಿಲ್ಲದ ಒಬ್ಬ ತಂಗಿ. ಅಂಥವಳು ಯಾರೂ ಆ ಓಣಿಯಲ್ಲಿ ಇರಲಿಲ್ಲ.

ಮಳೆಗಾಲ ಕಳೆಯುವಷ್ಟರಲ್ಲಿ ಹಟಗಾರ ಓಣಿಯ ಕುಣಿಗಳು ಒಂದೊಂದಾಗಿ ಮುಚ್ಚಿಹೋದವು. ಹುಚ್ಚೇಶ ತನ್ನ ಕುಣಿಗೆ ತಾನೇ ಮಣ್ಣು ತುಂಬಿ, ಮೇಲೆ ಸಗಣಿ ಸಾರಿಸಿ, ಪಕ್ಕದೂರಿನ ವಿದ್ಯುತ್ ಮಗ್ಗದ ಕಾರಖಾನೆಗೆ ಕೂಲಿಗೆ ಹೋಗತೊಡಗಿದ. ಅಲ್ಲಿ ನಿಂತು ದುಡಿಯಬೇಕು. ಸಂಜೆ ಬಂದವನು ಮುಚ್ಚಿದ ಕುಣಿಯ ಜಾಗದಲ್ಲಿ ಕಾಲು ಚಾಚಿ ಕೂತು, ಪಾದಗಳನ್ನು ಎಲ್ಲಿಡಬೇಕೆಂದು ತಿಳಿಯದವನ ಹಾಗೆ ನೋಡುತ್ತಿದ್ದ. ದಾಕ್ಷಾಯಣಿ ಕೆಲಸ ಬಿಡಲಿಲ್ಲ. ಬಿಟ್ಟರೆ ಒಲೆ ಹತ್ತುವುದು ಹೇಗೆ?

*

ಪೇಟೆಯಲ್ಲಿ ದೊಡ್ಡ ಪ್ರಶ್ನೆಗಳಲ್ಲದೆ ಮನೆಮಾತಿನ ಪ್ರಶ್ನೆಗಳೂ ಇದ್ದವು. ಇಂಥವರ ಮಗಳ ಲಗ್ನ ಕೂಡುತ್ತದೆಯೇ, ಇಂಥವನು ಗುಟಕಾ ಬಿಡುತ್ತಾನೆಯೇ ಎಂದು ಯಾರು ಬೇಕಾದರೂ ಕೇಳಬಹುದು. ಊರಿಗೆ ಅವೇ ಹೆಚ್ಚು ರುಚಿ. ಮರುವರ್ಷ ಆಷಾಢದಲ್ಲಿ ಅಂಥದೊಂದು ಪ್ರಶ್ನೆ ತಿದ್ದುಪಡಿಗೆಂದು ದಾಕ್ಷಾಯಣಿಯ ಮೇಜಿಗೆ ಬಂತು. ‘ಈ ಪಂಚಮಿಗೆ ದಾಕ್ಷಾಯಣಿ ತವರಿಗೆ ಬರುತ್ತಾಳೆಯೇ?’ ಹಾಕಿದವನು ಗದಿಗೆಪ್ಪ. ಹೆಸರು ಮುಚ್ಚಿಡದೆ, ಎಲ್ಲರಿಗೂ ಕಾಣುವಂತೆ ಹೌದು ಚೀಟಿಗಳನ್ನು ತಾನೇ ಮೊದಲು ಕೊಂಡಿದ್ದ. ಫೋನು ಎತ್ತದ ತಂಗಿಗೆ ಆ ಊರಿನ ಗಂಡಸು ಇನ್ನು ಹೇಗೆ ತಪ್ಪಾಯಿತು ಅನ್ನಬೇಕು?

ಅವಳು ಬಹಳ ಹೊತ್ತು ಅದನ್ನು ನೋಡಿದಳು. ‘ಬರುತ್ತಾಳೆಯೇ’ ಎಂಬುದು ಸರಿಯಾಗಿತ್ತು. ‘ತವರಿಗೆ’ ಎಂಬುದೂ ಸರಿಯಾಗಿತ್ತು. ಒಂದು ಸಾಲು ಬಿಟ್ಟುಹೋಗಿತ್ತು. ನಿಯಮದಂತೆ ಅದನ್ನು ಸೇರಿಸಿ, ರುಜು ಹಾಕಿ ಕಳಿಸಿದಳು.

ಗದಿಗೆಪ್ಪ ದಿನವೂ ಒಂದಿಷ್ಟು ಕೊಂಡ. ಅವನ ಹಿಂದೆ ಕಾಲನಿಯವರೂ ಕೊಂಡರು. ರಕ್ತ ನೀರಿಗಿಂತ ದಪ್ಪ ಎಂದು ಅವರ ಲೆಕ್ಕ. ಓಣಿಯಲ್ಲಿ ಯಾರೂ ಕೊಳ್ಳಲಿಲ್ಲ, ಕೊಳ್ಳಲು ಅವರಲ್ಲಿ ಏನೂ ಉಳಿದಿರಲಿಲ್ಲ. ಸಾಂವಕ್ಕ ಮಾತ್ರ ಒಂದು ದಿನ ಕೇಳಿದಳು: “ಹೋಗಾಕಿ ಏನ?”

“ಹೋಗಿ ಬರ್ತೀನಿ,” ಎಂದಳು ದಾಕ್ಷಾಯಣಿ.

ಸಾಂವಕ್ಕ ಮುಖ ತಿರುವಿಕೊಂಡಳು.

ಪಂಚಮಿಯ ಬೆಳಗ್ಗೆ ಅವಳು ಒಬ್ಬಳೇ ಬಸ್ಸು ಹತ್ತಿ ಕಾಲನಿಯ ಅಣ್ಣನ ಮನೆಗೆ ಹೋದಳು. ಬಾಗಿಲಲ್ಲಿ ನಿಂತ ತಂಗಿಯನ್ನು ಕಂಡು ಗದಿಗೆಪ್ಪ ಏನು ಮಾಡಬೇಕೆಂದು ತೋಚದೆ ಒಳಗೆ ಓಡಿ ಹೆಂಡತಿಯನ್ನು ಕೂಗಿದ. ವೈನಿ ಕಾಲಿಗೆ ನೀರು ಕೊಟ್ಟಳು, ಕಣ್ಣೊರೆಸಿಕೊಂಡಳು. ನಾಗಪ್ಪನಿಗೆ ಹಾಲೆರೆದರು. ಬೇವಿನ ಮರಕ್ಕೆ ಕಟ್ಟಿದ ಜೋಕಾಲಿಯಲ್ಲಿ ಅಣ್ಣನೇ ತಂಗಿಯನ್ನು ಕೂರಿಸಿ ಜೀಕಿದ. ಅವಳು ಕೂತಳು. ಶೇಂಗಾ ಉಂಡಿ, ಎಳ್ಳುಂಡಿ, ಕಡುಬು ಎಲ್ಲ ಉಂಡಳು. ಓಣಿಯ ಮಾತು ಯಾರೂ ಎತ್ತಲಿಲ್ಲ. ಅಕ್ಕಪಕ್ಕದ ಎಂಜಿನಿಯರರ ಹೆಂಡಂದಿರು ಬಾಗಿಲಿಗೆ ಬಂದು, ನೋಡಿ, ನಕ್ಕು ಹೋದರು.

ಮಧ್ಯಾಹ್ನ ಗದಿಗೆಪ್ಪ ಅವಳನ್ನು ಬಸ್‌ನಿಲ್ದಾಣದ ತನಕ ಕಳಿಸಲು ಬಂದ. ಕೈಯಲ್ಲಿ ಉಂಡಿಯ ಡಬ್ಬಿ. ವರ್ಷದಿಂದ ಇಳಿದುಹೋಗಿದ್ದ ಅವನ ಹೆಗಲು ಅಂದು ಮೇಲೆದ್ದಿತ್ತು. ಹುಚ್ಚೇಶನಿಗೆ ಒಂದು ಹೊಸ ಮಗ್ಗ ಕೊಡಿಸುವ ಮಾತು ಶುರುಮಾಡಿದ್ದ. ಅಷ್ಟರಲ್ಲಿ ಅವನ ಫೋನು ಗುಣುಗುಟ್ಟಿತು. ನೋಡಿದ. ಇನ್ನೊಮ್ಮೆ ನೋಡಿದ.

“ತಂಗಿ, ಇಲ್ಲಿ ನೋಡವ್ವಾ, ಏನೋ ತಪ್ಪಾಗೇತಿ. ಪ್ರಶ್ನಿ ಮುಗೀತು, ಉತ್ತರ ಇಲ್ಲ ಅಂತ ತೋರ್ಸಾಕತ್ತೈತಿ.”

“ಆಧಾರ ಓದು ಅಣ್ಣಾ.”

ಅವನು ಓದಿದ. ‘ಆಧಾರ: ದಾಕ್ಷಾಯಣಿಯವರ ಪ್ರಕಟಣೆ.’ ಅದರ ಕೆಳಗೆ, ಸ್ವಲ್ಪ ಹೊತ್ತಿಗೆ ಮುಂಚೆ ಅವನ ಮನೆಯ ಹಿತ್ತಿಲಲ್ಲಿ ಕೈ ತೊಳೆಯುವಾಗ ಅವಳು ಹೊರಡಿಸಿದ ಪ್ರಕಟಣೆ: ಈ ಪಂಚಮಿಗೆ ನಾನು ತವರಿಗೆ ಹೋಗಿಲ್ಲ.

“ಬಂದೀಯಲ್ಲ! ಉಂಡೀಯಲ್ಲ! ಜೋಕಾಲಿ ಆಡೀಯಲ್ಲ! ಕಾಲನಿ ಮಂದಿ ಎಲ್ಲಾ ಕಣ್ಣಾರೆ ನೋಡ್ಯಾರ!” ಗದಿಗೆಪ್ಪನ ದನಿ ಒಡೆದಿತ್ತು. ಅದು ಹೋದ ಗಂಟಿಗಾಗಿ ಒಡೆದದ್ದಲ್ಲ ಎಂಬುದು ಅವಳಿಗೆ ತಿಳಿಯಿತು. “ಯಾಕಿದ್ದೀ ಹಂಗಾರ ಇಷ್ಟೊತ್ತು ನನ್ನ ಮನ್ಯಾಗ?”

ಬಸ್ಸು ಬಂತು. ದಾಕ್ಷಾಯಣಿ ಮೆಟ್ಟಿಲ ಮೇಲೆ ಕಾಲಿಟ್ಟು ತಿರುಗಿದಳು.

“ಸುಮ್ನ, ಕಾಲಿಗೆ ಎಣ್ಣಿ ಹಚ್ಚಿಕೊಂಡು ಹೋಗಾಕ ಬಂದಿದ್ದೆ.”

ಬಸ್ಸು ಹೊರಟುಹೋಯಿತು. ಉಂಡಿಯ ಡಬ್ಬಿ ಗದಿಗೆಪ್ಪನ ಕೈಯಲ್ಲೇ ಉಳಿಯಿತು. ಅವನ ಮನೆಯಲ್ಲಿ ತಂಗಿ ಉಂಡೆದ್ದ ತಾಟು ಇನ್ನೂ ತೊಳೆದಿರಲಿಲ್ಲ. ಹೊಸ್ತಿಲಲ್ಲಿ ಅವಳ ಹಸಿ ಹೆಜ್ಜೆ ಆರಿರಲಿಲ್ಲ. ಯಾವ ಪೀಠದ ಮುಂದೆ ಒಯ್ದರೂ ಅವು ಸಾಕ್ಷಿಯಾಗುವಂತಿರಲಿಲ್ಲ.